ಸತ್ತವರಿಗೆ ಕೊಟ್ಟ ಮಾತು

ಓದುಗರೊಬ್ಬರ ಪತ್ರ, ಸಂಕ್ಷಿಪ್ತವಾಗಿ: "ಕಳೆದ ಸಂಚಿಕೆಯಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್‌ನನ್ನು ಹೊಗಳಿ ಬರೆದಿದ್ದೀರಿ. ಫಲವನ್ನೇ ನೋಡದ ಕರ್ತವ್ಯ ನನಗೆ ಕಲ್ಲಿನ ಹಾಗೆ ಕಾಣುತ್ತದೆ. ನನ್ನ ಗೆಳತಿ ಸಾಯುವ ಮುಂಚೆ ತನ್ನ ಮೂರು ದಿನಚರಿಗಳನ್ನು ನನ್ನ ಕೈಗಿಟ್ಟು 'ಓದದೆ ಸುಟ್ಟುಬಿಡು' ಅಂದಳು. ಹೂಂ ಅಂದೆ. ಸುಡಲಿಲ್ಲ, ಓದಿದೆ. ಕಾಯಿಲೆಯ ದಿನಗಳ ಬಗ್ಗೆ ಇಷ್ಟು ಚೆನ್ನಾಗಿ ಬರೆದವರನ್ನು ನಾನು ಕಂಡಿಲ್ಲ. ಅಚ್ಚಾದರೆ ಅದೇ ಸ್ಥಿತಿಯಲ್ಲಿರುವ ಎಷ್ಟೋ ಜನಕ್ಕೆ ಧೈರ್ಯ ಬರುತ್ತದೆ. ಸತ್ತವಳಿಗೆ ನಷ್ಟವೇನು? ಮನೆಯಲ್ಲಿ ಅಡಗಿದ ಗೆಳೆಯನನ್ನು ಹುಡುಕಿ ಬಂದ ಕೊಲೆಗಾರನಿಗೂ ಸುಳ್ಳು ಹೇಳಬಾರದು ಎಂದ ಮನುಷ್ಯನ ಮಾತು ಕಟ್ಟಿಕೊಂಡು ಇದನ್ನೆಲ್ಲ ಬೂದಿ ಮಾಡಲೇ? ಕೆಲವು ಪುಟಗಳ ನಕಲು ಇಟ್ಟಿದ್ದೇನೆ. ಪ್ರಕಟಿಸುತ್ತೀರಾ?"

ಸಂಪಾದಕರ ಉತ್ತರ:

ಕೊನೆಯ ಪ್ರಶ್ನೆಗೆ ಕೊನೆಯಲ್ಲೇ ಬರುತ್ತೇನೆ. ಮೊದಲು ಒಂದು ಮೆಚ್ಚುಗೆ. ಓದಿದ್ದನ್ನು ನೀವು ಮುಚ್ಚಿಡಲಿಲ್ಲ. ಮುಚ್ಚಿಟ್ಟಿದ್ದರೆ ನಿಮ್ಮ ವಾದ ಇನ್ನೂ ಗಟ್ಟಿಯಾಗಿ ಕಾಣುತ್ತಿತ್ತು. ಕಾಂಟ್‌ನನ್ನು ಬೈಯುವ ಪತ್ರದಲ್ಲೇ ಕಾಂಟ್ ಮೆಚ್ಚುವ ಕೆಲಸ ಮಾಡಿಬಿಟ್ಟಿದ್ದೀರಿ.

ನಮ್ಮ 'ಬೇಕು' ಎಂಬ ಪದವನ್ನು ಒಮ್ಮೆ ನೋಡಿ. 'ನನಗೆ ನೀರು ಬೇಕು' ಅನ್ನುವಾಗ ಅದು ಆಸೆ. 'ನಾನು ಸಾಲ ತೀರಿಸಬೇಕು' ಅನ್ನುವಾಗ ಆಸೆಗೆ ಅಲ್ಲಿ ಜಾಗವೇ ಇಲ್ಲ. ಎರಡನ್ನೂ ಒಂದೇ ಪದದಲ್ಲಿ ಹೇಳಿ ಹೇಳಿ ನಮಗೆ ಅಭ್ಯಾಸವಾಗಿದೆ. ಕಾಂಟ್ 1785ರಲ್ಲಿ ಹೊರತಂದ ನೀತಿಯ ಪುಸ್ತಕದಲ್ಲಿ ಮುಖ್ಯವಾಗಿ ಮಾಡಿದ್ದು ಈ ಎರಡು 'ಬೇಕು'ಗಳನ್ನು ಬಿಡಿಸಿಡುವ ಕೆಲಸ ಎಂದು ನನಗನ್ನಿಸುತ್ತದೆ. 'ಆರೋಗ್ಯ ಬೇಕಾದರೆ ನಡೆಯಬೇಕು' ಎಂಬುದು ಷರತ್ತಿನ ವಿಧಿ. ಆರೋಗ್ಯ ಬೇಡ ಅಂದವನ ಮೇಲೆ ಅದಕ್ಕೆ ಹಿಡಿತವಿಲ್ಲ. 'ಕೊಟ್ಟ ಮಾತು ನಡೆಸಬೇಕು' ಎಂಬುದಕ್ಕೆ ಮುಂದೆ 'ಆದರೆ', 'ಹೋದರೆ' ಸೇರಿಸಲು ಬರುವುದಿಲ್ಲ. ಅದು ಷರತ್ತಿಲ್ಲದ ವಿಧಿ.

ಕೆಲಸದ ಒಳಿತು ಕೆಡುಕನ್ನು ಅದರ ಫಲದಿಂದಲೇ ಅಳೆಯುವ ಫಲವಾದಿಗಳಿಗೂ ಸಲ್ಲಬೇಕಾದ ಗೌರವ ಸಲ್ಲಲಿ. ಹೆಚ್ಚು ಜನಕ್ಕೆ ಹೆಚ್ಚು ಸುಖ ಎಂಬ ಲೆಕ್ಕ ಇಲ್ಲದಿದ್ದರೆ ಸೆರೆಮನೆ, ಕಾನೂನುಗಳ ಎಷ್ಟೋ ಸುಧಾರಣೆ ತಡವಾಗುತ್ತಿತ್ತು. ಅಷ್ಟು ಸಾಕು. ಇದರಲ್ಲೊಂದು ತಮಾಷೆಯಿದೆ. ಕರ್ತವ್ಯದ ನೀತಿಶಾಸ್ತ್ರಕ್ಕೆ ಈಗ ಡಿಯಾಂಟಾಲಜಿ ಅನ್ನುತ್ತಾರಲ್ಲ, ಗ್ರೀಕ್ ಮೂಲದಿಂದ ಆ ಪದ ಕಟ್ಟಿದವನು ಇದೇ ಸುಖದ ಲೆಕ್ಕಿಗ, ಇಂಗ್ಲಿಷ್ ಚಿಂತಕ ಜೆರೆಮಿ ಬೆಂಥಮ್. ಆ ಹೆಸರಿನ ಅವನ ಪುಸ್ತಕ ಅಚ್ಚಾದದ್ದು ಅವನು ತೀರಿಕೊಂಡ ಎರಡು ವರ್ಷಕ್ಕೆ, 1834ರಲ್ಲಿ. ಸಂಪಾದಿಸಿದ ಗೆಳೆಯ ಜಾನ್ ಬೌರಿಂಗ್ ಅದರಲ್ಲಿ ತೀರಾ ಕೈಯಾಡಿಸಿದ ಎಂಬ ದೂರು ಹಳೆಯದು. ಸತ್ತ ಗೆಳೆಯರ ಕಾಗದಪತ್ರ ಉಳಿದವರ ಕೈಗೆ ಸಿಕ್ಕರೆ ಏನಾಗುತ್ತದೆ ನೋಡಿ.

ಈಗ ನಿಮ್ಮ ವಿಷಯ. ಕಾಂಟ್ ಒಬ್ಬ ಸಾಲಗಾರನ ಮಾತು ಎತ್ತುತ್ತಾನೆ. ಕೈ ತೀರಾ ಕಟ್ಟಿದೆ. ತೀರಿಸಲಾಗದು ಎಂದು ಗೊತ್ತಿದ್ದೂ ಇಂಥ ದಿನ ಕೊಡುತ್ತೇನೆ ಎಂದು ಮಾತು ಕೊಟ್ಟು ದುಡ್ಡು ತರುತ್ತಾನೆ. ಎಲ್ಲರೂ ಹೀಗೇ ಮಾಡುವುದೇ ನಿಯಮವಾದರೆ? ಆಗ ಎಲ್ಲೂ ಸಾಲ ಹುಟ್ಟುವುದಿಲ್ಲ, ಅವನ ಉಪಾಯವೂ ಫಲಿಸುವುದಿಲ್ಲ. ಇದನ್ನು 'ಕೆಟ್ಟ ಫಲ ಬರುತ್ತದೆ, ಅದಕ್ಕೇ ಬೇಡ' ಎಂದು ಓದುವವರಿದ್ದಾರೆ. ಅಲ್ಲ. ಮಿಕ್ಕವರು ಮಾತು ಉಳಿಸಿಕೊಳ್ಳುವುದರಿಂದಲೇ ಅವನ ಸುಳ್ಳು ನಡೆಯುತ್ತದೆ. ನಿಯಮ ಎಲ್ಲರಿಗೂ ಇರಲಿ, ನನಗೊಬ್ಬನಿಗೆ ವಿನಾಯಿತಿ ಇರಲಿ ಎಂಬುದೇ ಅಲ್ಲಿನ ತಪ್ಪು.

ನಿಮ್ಮ ಗೆಳತಿಗೆ ನಷ್ಟವೇನು ಎಂದು ಕೇಳಿದಿರಿ. ಇನ್ನೊಂದು ಪ್ರಶ್ನೆ ಕೇಳುತ್ತೇನೆ, ಸಿಟ್ಟಾಗಬೇಡಿ ತಾಯೀ. ಆ ದಿನ ನೀವು 'ಓದುತ್ತೇನೆ, ಚೆನ್ನಾಗಿದ್ದರೆ ಅಚ್ಚು ಹಾಕಿಸುತ್ತೇನೆ' ಅಂದಿದ್ದರೆ ಆಕೆ ಅವನ್ನು ನಿಮ್ಮ ಕೈಗೆ ಕೊಡುತ್ತಿದ್ದರೇ? ಕೈಯಲ್ಲಿ ಒಂದಿಷ್ಟು ತ್ರಾಣವಿದ್ದಾಗಲೇ ತಾವೇ ಹರಿದು ಹಾಕುತ್ತಿದ್ದರು. ದಿನಚರಿಗಳು ನಿಮ್ಮ ಬಳಿ ಇರುವುದೇ ನಿಮ್ಮ ಆ 'ಹೂಂ'ನಿಂದ. ಮನುಷ್ಯರನ್ನು ಬರಿಯ ಸಾಧನವಾಗಿ ಬಳಸಬೇಡ ಎಂದು ಕಾಂಟ್ ಹೇಳಿದ್ದು ಇಂಥದ್ದಕ್ಕೇ. ನಾವು ಒಬ್ಬರನ್ನೊಬ್ಬರು ದಿನವೂ ಬಳಸುತ್ತೇವೆ, ಅದಕ್ಕೆ ಅವನ ತಕರಾರಿಲ್ಲ. ಎದುರಿನವರು ಒಪ್ಪಲು ಸಾಧ್ಯವೇ ಇಲ್ಲದ ರೀತಿಯಲ್ಲಿ ಬಳಸುವುದಕ್ಕೆ ಇದೆ.

ನನ್ನದೊಂದು ಅನುಭವ ಹೇಳುತ್ತೇನೆ. ಬಹಳ ಹಿಂದೆ ಒಬ್ಬರು ಕಾವ್ಯನಾಮದಲ್ಲಿ ಒಂದು ಕಥೆ ಕೊಟ್ಟರು, ತಮ್ಮ ಹೆಸರು ಎಂದೂ ಹೊರಬರಬಾರದು ಎಂದರು. ಅವರು ತೀರಿಹೋದ ಮೇಲೆ ಆ ಕಥೆಗೆ ಹೆಸರು ಬಂತು. ಸಂಶೋಧಕರು ಬಂದು ಕೇಳಿದಾಗ 'ಗೊತ್ತಿಲ್ಲ' ಅಂದಿದ್ದರೆ ಬೇಗ ಮುಗಿಯುತ್ತಿತ್ತು. ನಾನು ಸತ್ಯ ಹರಿಶ್ಚಂದ್ರನಲ್ಲ, ಆದರೂ ಯಾಕೋ 'ಗೊತ್ತಿದೆ, ಹೇಳಲಾರೆ' ಅಂದೆ. ಸೊಕ್ಕಿನ ಮನುಷ್ಯ ಎಂಬ ಹೆಸರು ಬಂತು.

ಆ ಎರಡು ಉತ್ತರಗಳ ನಡುವಿನ ಗೆರೆಯನ್ನು ಕಾಂಟ್ ಒಂದು ಕಾಗದದಲ್ಲೇ ಎಳೆದಿದ್ದಾನೆ. ಆಸ್ಟ್ರಿಯಾದ ಮರಿಯಾ ಫಾನ್ ಹರ್ಬರ್ಟ್ ಎಂಬ ತರುಣಿ 1791ರಲ್ಲಿ ಅವನಿಗೆ ಬರೆದಳು: ಒಂದು ಸಂಗತಿಯನ್ನು ಪ್ರಿಯನಿಂದ ಬಹುಕಾಲ ಮುಚ್ಚಿಟ್ಟು ಕೊನೆಗೆ ಹೇಳಿದೆ, ಅವನ ಒಲವು ಆರಿಹೋಯಿತು, ಬದುಕು ಬೇಡವಾಗಿದೆ, ಏನು ಮಾಡಲಿ? ಮರುವರ್ಷ ಕಾಂಟ್ ಉತ್ತರ ಕೊಟ್ಟ. ಮನಸ್ಸಿನಲ್ಲಿರುವುದನ್ನೆಲ್ಲ ಹೇಳದಿರುವುದು ಬೇರೆ, ಇಲ್ಲದ್ದನ್ನು ಹೇಳುವುದು ಬೇರೆ. ಮೊದಲನೆಯದನ್ನು ಕ್ಷಮಿಸಬಹುದು, ಎರಡನೆಯದನ್ನಲ್ಲ. ಕಲ್ಲೆದೆಯವನು ಇಷ್ಟು ಕಾಳಜಿಯಿಂದ ಬರೆಯುತ್ತಿರಲಿಲ್ಲ ಎಂದು ವಾದಿಸಲು ನನಗೆ ಆಸೆ. ಆದರೆ ಪೂರ್ತಿ ಹೇಳಬೇಕಲ್ಲ: 1793ರಲ್ಲಿ ಅವನು ಆಕೆಯ ಕಾಗದಗಳನ್ನು ತನ್ನ ಸ್ನೇಹಿತನ ಮಗಳಿಗೆ ಕಳಿಸಿದ, ಭಾವಾವೇಶಕ್ಕೆ ಬಿದ್ದರೆ ಹೀಗಾಗುತ್ತದೆ ಎಂಬ ಎಚ್ಚರಿಕೆಗೆ. ನೊಂದವಳ ಗುಟ್ಟನ್ನು ಇನ್ನೊಬ್ಬಳಿಗೆ ಪಾಠ ಮಾಡಿದ. ಅವನ ಸೂತ್ರದಿಂದಲೇ ಅವನನ್ನು ಅಳೆದರೆ ಅದು ತಪ್ಪು. ನೀವು ಮಾಡಹೊರಟಿರುವುದೂ ಹೆಚ್ಚುಕಮ್ಮಿ ಅದನ್ನೇ, ನಿಮ್ಮ ಉದ್ದೇಶ ಮಾತ್ರ ಒಳ್ಳೆಯದು.

ಕೊಲೆಗಾರನ ಪ್ರಶ್ನೆಗೆ ಉದ್ದ ಉತ್ತರ ಬೇಡ. 1797ರಲ್ಲಿ, 73ರ ವಯಸ್ಸಿನಲ್ಲಿ, ಫ್ರೆಂಚ್ ಲೇಖಕ ಬೆಂಜಮಿನ್ ಕಾನ್ಸ್ಟಾಂಟ್‌ಗೆ ಎದುರಾಡುವ ಹಟದಲ್ಲಿ ಬರೆದದ್ದು ಅದು. ಮುದುಕ ಅಲ್ಲಿ ಎಡವಿದ ಎಂದೇ ನನ್ನ ಮತ. ದಾರಿ ತೋರಿಸಿದವನು ಬ್ರಿಟಿಷ್ ತತ್ವಜ್ಞಾನಿ ಡಬ್ಲ್ಯು. ಡಿ. ರಾಸ್, 1930ರಲ್ಲಿ. ಮಾತು ಉಳಿಸಿಕೊಳ್ಳುವುದು, ಮಾಡಿದ ತಪ್ಪಿಗೆ ಪರಿಹಾರ, ಕೃತಜ್ಞತೆ, ನ್ಯಾಯ, ಪರೋಪಕಾರ, ಯಾರನ್ನೂ ನೋಯಿಸದಿರುವುದು ಇವೆಲ್ಲ ಬೇರೆಬೇರೆ ಕರ್ತವ್ಯಗಳು, ಒಂದಕ್ಕೊಂದು ತಾಗಿದಾಗ ಯಾವುದು ಭಾರ ಎಂದು ತೂಗಬೇಕು ಎಂದ. ಮಾತು ಉಳಿಸಿಕೊಂಡರೆ 1000 ತೂಕದ ಒಳಿತು, ಮುರಿದರೆ 1001 ಎನ್ನಿ. ಆ ಒಂದರ ಆಸೆಗೆ ಮಾತು ಮುರಿಯಬಹುದೇ? ಇಲ್ಲ ಅನ್ನುತ್ತಾನೆ ರಾಸ್. ಅಂತರ ಬಹಳವಾದರೆ ಮುರಿಯಬೇಕಾಗಬಹುದು, ಮುರಿದ ಮೇಲೂ ಆ ಋಣ ಚುಚ್ಚುತ್ತಲೇ ಇರುತ್ತದೆ. ನಿಮ್ಮ ದಿನಚರಿ ಒಂದು ಜೀವ ಉಳಿಸುವ ಔಷಧಿಯ ವಿವರವಾಗಿದ್ದರೆ ನಾನೂ ನಿಮ್ಮ ಪಕ್ಕ ನಿಲ್ಲುತ್ತಿದ್ದೆ. ಧೈರ್ಯ ಕೊಡುವ ಬರಹ ಬೇರೆಯವರೂ ಬರೆದಾರು. ಬೇಕಾದರೆ ನೀವೇ, ನೋಡಿಕೊಂಡವರಾಗಿ, ಬರೆಯಿರಿ.

ಇಷ್ಟೆಲ್ಲ ಬೆಳೆಸಿದ್ದಕ್ಕೆ ಕಾರಣ ನಿಮ್ಮೊಬ್ಬರ ಪತ್ರವಲ್ಲ. ಕರ್ತವ್ಯ ಅಂದರೆ ಮೇಲಿನವರು ಹೇಳಿದ್ದನ್ನು ಮಾಡುವುದು ಎಂದು ಜನ ತಿಳಿದಿದ್ದಾರೆ. 1961ರಲ್ಲಿ ಜೆರುಸಲೇಮಿನ ನ್ಯಾಯಾಲಯದಲ್ಲಿ, ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಿದ ನಾಜಿ ಅಧಿಕಾರಿ ಐಖ್‌ಮನ್ ತಾನು ಕಾಂಟ್ ಹೇಳಿದ ಕರ್ತವ್ಯದಂತೆ ಬದುಕಿದವನು ಅಂದ! ತನಗೆ ತಾನೇ, ತನ್ನ ವಿವೇಕದಿಂದ ಹಾಕಿಕೊಂಡ ನಿಯಮಕ್ಕೆ ಮಾತ್ರ ಕಾಂಟ್ ಬೆಲೆ ಕೊಟ್ಟದ್ದು, ಅಪ್ಪಣೆಗೆ ಅಲ್ಲ. ಇನ್ನೊಂದು ಕಡೆ, ಮಾತು ಕೊಡುವುದೇ ಬಿಟ್ಟುಹೋಗಿದೆ. 'ಪ್ರಯತ್ನಿಸುತ್ತೇನೆ', 'ನೋಡೋಣ', 'ಆದಷ್ಟು ಬೇಗ' ಇಷ್ಟೇ ಕಿವಿಗೆ ಬೀಳುವುದು. ಈ ಸಂಚಿಕೆಗೆ ಲೇಖನ ಕೊಡುತ್ತೇನೆಂದ ನಾಲ್ವರಲ್ಲಿ ಮೂವರು ಫೋನು ಎತ್ತುತ್ತಿಲ್ಲ. ಈ ಉತ್ತರ ಇಷ್ಟುದ್ದ ಆಗಲು ಅದೂ ಒಂದು ಕಾರಣ.

ನೀವು ಇಟ್ಟ ಪುಟಗಳನ್ನು ಅದೇ ಲಕೋಟೆಯಲ್ಲಿ ವಾಪಸು ಕಳಿಸಿದ್ದೇನೆ. ಪತ್ರಕ್ಕಿಂತ ಮೊದಲು ಅವೇ ಕೈಗೆ ಬಂದಿದ್ದರಿಂದ ಮೇಲಿನ ನಾಲ್ಕು ಸಾಲು ಕಣ್ಣಿಗೆ ಬಿದ್ದವು. ಚೆನ್ನಾಗಿದ್ದವು. ಅದಕ್ಕೆ ನಾನು ಕ್ಷಮೆ ಕೇಳಬೇಕಾದದ್ದು ನಿಮ್ಮನ್ನಲ್ಲ.