ಕೈಗಾ ಅಡ್ರೆಸ್ ನಾವೇ ಕೊಡೋದಾ?

ಪ್ರಶ್ನೆ: ಪಾಕಿಸ್ತಾನದ ಜತೆ ಮಾತೇ ಬಂದ್ ಅಂತಾರೆ, ಆದ್ರೂ ಜನವರಿ 1ಕ್ಕೆ ಅಣು ಸ್ಥಾವರಗಳ ಪಟ್ಟಿ ಕೊಟ್ರು ಅಂತ ಪೇಪರಲ್ಲಿ ಬಂತು. ನಮ್ಮ ಕೈಗಾನೂ ಅದ್ರಲ್ಲಿ ಇರ್ತದಾ ಸರ್?
- ಓದುಗ, ಕಾರವಾರ

ಉತ್ತರ: ಅಡ್ರೆಸ್ ಏನ್ ಗುಟ್ಟಲ್ಲ ಮಾರಾಯ್ರೇ, ಕಾರವಾರ ಸ್ಟ್ಯಾಂಡಲ್ಲಿ ಕೈಗಾ ಬೋರ್ಡ್ ಹಾಕ್ಕೊಂಡೇ ಬಸ್ ನಿಂತಿರ್ತದೆ. ಪಟ್ಟಿ ಕೊಡೋದು ಇಲ್ಲಿಗೆ ಬಾಂಬ್ ಹಾಕ್ಬೇಡಿ ಅನ್ನೋಕೆ. 1988ರ ಡಿಸೆಂಬರ್ 31ಕ್ಕೆ, ರಾಜೀವ್ ಗಾಂಧಿ, ಬೆನಜೀರ್ ಭುಟ್ಟೋ ಇದ್ದಾಗ ಇಸ್ಲಾಮಾಬಾದಲ್ಲಿ ಒಪ್ಪಂದ ಆಯ್ತು, ಒಬ್ರ ಅಣು ಸ್ಥಾವರದ ಮೇಲೆ ಇನ್ನೊಬ್ರು ದಾಳಿ ಮಾಡೋ ಹಾಗಿಲ್ಲ, ವರ್ಷಾ ವರ್ಷಾ ಜನವರಿ 1ಕ್ಕೆ ಪಟ್ಟಿ ಕೊಟ್ಟು ತಗೋಬೇಕು ಅಂತ. 1992ರಲ್ಲಿ ಶುರುವಾಗಿದ್ದು ಕಾರ್ಗಿಲ್ ಆದ್ಮೇಲೂ ನಿಲ್ಲಲಿಲ್ಲ, 2019ರ ಆಗಸ್ಟಿಂದ ಎರಡೂ ಕಡೆ ಹೈಕಮಿಷನರ್ರೇ ಇಲ್ದಿದ್ರೂ ಕೆಳಗಿನ ಅಧಿಕಾರಿಗಳೇ ಕೊಟ್ಟು ತಗೊಂಡು ನಡ್ಸಿದಾರೆ. 2025ರ ಏಪ್ರಿಲಲ್ಲಿ ಸಿಂಧೂ ನದಿ ಒಪ್ಪಂದ ತಡೆಹಿಡಿದ್ರು, ಅಟಾರಿ ಗೇಟ್ ಮುಚ್ಚಿದ್ರು, ಇದನ್ನ ಮಾತ್ರ ಮುಟ್ಲಿಲ್ಲ ನೋಡಿ. ಪಟ್ಟಿಲಿ ಏನೇನಿದೆ ಅಂತ ಜನರಿಗೆ ತೋರ್ಸಲ್ಲ, ಆದ್ರೆ ಒಪ್ಪಂದದಲ್ಲಿ ವಿದ್ಯುತ್ ರಿಯಾಕ್ಟರ್ ಅಂತ್ಲೇ ಬರ್ದಿರೋದ್ರಿಂದ, 220 ಮೆಗಾವ್ಯಾಟಿನ 4 ಘಟಕ ಇರೋ ಕೈಗಾನ ಹೇಗ್ರೀ ಬಿಡ್ತಾರೆ.

ಅಂದಹಾಗೆ ಅದೇ ದಿನ ಎರಡೂ ಕಡೆ ಜೈಲಲ್ಲಿರೋ ಮೀನುಗಾರರ ಪಟ್ಟಿನೂ ಕೊಡ್ತಾರೆ, ಜುಲೈ 1ಕ್ಕೆ ಇನ್ನೊಂದ್ಸಲ. ಬೈತಖೋಲ ಬಂದರಲ್ಲಿ ಬಲೆ ಹೊಲಿಯೋರಿಗೆ ನಿಜವಾಗಿ ಬೇಕಾಗಿದ್ದು ಆ ಸುದ್ದಿ, ಅದು ಪೇಪರಿನ ಮೂಲೇಲಿ ಇರ್ತದೆ.