ಗುಳಿಗೆಯೊಳಗಿನ ಬಿಳಿ ಪುಡಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಪ್ಪನ ಬಿಪಿ ಗುಳಿಗೆಗಳನ್ನು ಪಟ್ಟಿಯಿಂದ ಬಿಡಿಸಿ ತಿಂಗಳಿಗಾಗುವಷ್ಟು ಡಬ್ಬಿಯಲ್ಲಿ ಹಾಕಿಡುತ್ತೇನೆ. ಮಳೆಗಾಲದಲ್ಲಿ ಅವು ಮೆತ್ತಗಾಗಿ ಬೆರಳಲ್ಲೇ ಪುಡಿಯಾಗುತ್ತವೆ. ಅದರಲ್ಲಿ ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್ ಇದೆಯಂತೆ. ಕಲಬೆರಕೆಯೇ? (ಕಾರವಾರ)

ಉತ್ತರ: ಕಲಬೆರಕೆ ಅಲ್ಲವೇ ಅಲ್ಲ. 5 ಮಿಲಿಗ್ರಾಂ ಔಷಧವೆಂದರೆ ಒಂದೆರಡು ಸಾಸಿವೆ ಕಾಳಿನ ತೂಕ. ಅದನ್ನು ಕೈಗೆ ಸಿಗುವ ಗಾತ್ರಕ್ಕೆ ತರುವುದು ಈ ಸೆಲ್ಯುಲೋಸ್ ಪುಡಿ. ಮರದ ತಿರುಳಿನಿಂದ ತೆಗೆದದ್ದು, ರುಚಿಯಿಲ್ಲ, ನೀರಲ್ಲಿ ಕರಗದು, ಜೀರ್ಣವಾಗದೆ ಹೊರಹೋಗುತ್ತದೆ. ಯಂತ್ರ ಒತ್ತಿದಾಗ ಕಣಗಳು ಚಪ್ಪಟೆಯಾಗಿ ಒಂದನ್ನೊಂದು ಬಿಗಿಯಾಗಿ ಹಿಡಿಯುತ್ತವೆ. ಹೊಟ್ಟೆ ಸೇರಿದ ಮೇಲೆ ಕಣಗಳ ನಡುವಿನ ಸಂದಿಗಳು ಬತ್ತಿಯ ಹಾಗೆ ನೀರೆಳೆದು ಗುಳಿಗೆಯನ್ನು ಒಡೆಯುತ್ತವೆ. ನಿಮ್ಮ ಡಬ್ಬಿಯಲ್ಲಿ ತೊಂದರೆ ಮಾಡಿದ್ದೂ ಇದೇ ಗುಣ. ಕಡಲ ದಂಡೆಯ ಆಷಾಢದ ಗಾಳಿಯ ತೇವ ಹೀರಿ ಕಣಗಳ ಹಿಡಿತ ಸಡಿಲಾಗುತ್ತದೆ.

ಪಟ್ಟಿಯಿಂದ ಬಿಡಿಸಲೇಬೇಡಿ. ಕತ್ತರಿಯಿಂದ ಒಂದೊಂದೇ ಗೂಡು ಕತ್ತರಿಸಿ, ಅಂಚಿನ ಅಂಟು ಬಿಡದಂತೆ, ಹಾಗೇ ಡಬ್ಬಿಗೆ ಹಾಕಿ. ಅವಧಿಯ ದಿನಾಂಕವಿರುವ ತುಂಡನ್ನು ಕೊನೆಗೆ ಬಳಸಿ. ಒಲೆಯ ಪಕ್ಕ, ಬಚ್ಚಲ ಗೋಡೆಯ ಕಪಾಟು ಬೇಡ. ಫ್ರಿಜ್ಜೂ ಬೇಡ, ಹೊರತೆಗೆದಾಗ ತಣ್ಣನೆಯ ಗುಳಿಗೆಯ ಮೇಲೆ ನೀರು ಕೂರುತ್ತದೆ. ಈಗಾಗಲೇ ಮೆತ್ತಗಾದವನ್ನು ಬಿಸಿಲಿಗೆ ಒಣಗಿಸಿ ಕೊಡಬೇಡಿ. ಗಟ್ಟಿಯಾದರೂ ಔಷಧ ಸರಿಯಿದೆಯೆಂದು ನೋಟದಿಂದ ತಿಳಿಯದು. ಆಸ್ಪಿರಿನ್ ಆದರೆ ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಔಷಧವೇ ಒಡೆಯತೊಡಗಿದೆ.

ಪ್ರಶ್ನೆ: ಅಡಿಕೆ ಸಿಪ್ಪೆಯಿಂದ ಈ ಪುಡಿಯನ್ನು ಮನೆಯಲ್ಲೇ ಮಾಡಬಹುದೇ? (ಶಿರಸಿ)

ಉತ್ತರ: ಸಿಪ್ಪೆಯ ನಾರಲ್ಲಿ ಸೆಲ್ಯುಲೋಸ್ ಇದೆ, ಆದರೆ ಲಿಗ್ನಿನ್ ಎಂಬ ಗಟ್ಟಿ ವಸ್ತು ಅದನ್ನು ಅಂಟಿನಂತೆ ಹಿಡಿದಿದೆ. ಮೊದಲು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿ, ಬ್ಲೀಚ್ ಮಾಡಿ ಲಿಗ್ನಿನ್ ತೆಗೆಯಬೇಕು. ಆಮೇಲೆ ಆಮ್ಲದ ಕೆಲಸ. 1955ರಲ್ಲಿ ಅಮೆರಿಕದಲ್ಲಿ ಬಟಿಸ್ಟಾ ಮತ್ತು ಸ್ಮಿತ್ ಎಂಬ ವಿಜ್ಞಾನಿಗಳು ಕಂಡುಕೊಂಡ ದಾರಿಯಲ್ಲಿ, 2.5 ನಾರ್ಮಲ್ (ಸಾಂದ್ರತೆಯ ಅಳತೆ) ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸುಮಾರು 15 ನಿಮಿಷ ಕುದಿಸುತ್ತಾರೆ. ನಾರಿನ ಅಸ್ತವ್ಯಸ್ತ ಭಾಗಗಳು ತುಂಡಾಗಿ, ಒತ್ತಾಗಿ ಜೋಡಿಸಿಕೊಂಡ ಹರಳಿನ ಭಾಗ ಉಳಿಯುತ್ತದೆ. ಅದನ್ನು ಆಮ್ಲ ಹೋಗುವವರೆಗೆ ತೊಳೆದು ಒಣಗಿಸಬೇಕು.

ದಯವಿಟ್ಟು ಮನೆಯಲ್ಲಿ ಮಾಡಬೇಡಿ. ಬ್ಲೀಚ್ ಪೂರ್ತಿ ತೊಳೆಯದೆ ಆಮ್ಲ ಸುರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ಶ್ವಾಸಕೋಶವನ್ನೇ ಸುಡುತ್ತದೆ. ಸ್ಟೀಲ್ ಪಾತ್ರೆಯನ್ನೂ ಆಮ್ಲ ತಿನ್ನುತ್ತದೆ. ಕಷ್ಟಪಟ್ಟು ಮಾಡಿದರೂ ಔಷಧಕ್ಕೆ ಮಾರಲಾಗದು. ಸೆಲ್ಯುಲೋಸ್ ಅಣುವಿನ ಸರಪಳಿಯ ಉದ್ದ 350 ಕೊಂಡಿ ಮೀರಬಾರದು, ಪಿಎಚ್ (ಆಮ್ಲೀಯತೆಯ ಅಳತೆ) 5ರಿಂದ 7.5ರೊಳಗಿರಬೇಕು, ಇಂಥ ಪರೀಕ್ಷೆಗಳು ಹಲವು. ಕಾಲೇಜಿನ ಪ್ರಯೋಗಾಲಯಕ್ಕೆ ಮಾತ್ರ ಇದು ಒಳ್ಳೆಯ ಕೆಲಸ.

ಪ್ರಶ್ನೆ: ಮುಖದ ಸ್ಕ್ರಬ್‌ಗೆಂದು ಈ ಸೆಲ್ಯುಲೋಸ್ ಪುಡಿಯನ್ನು ತರಿಸಿದೆ, ಉಜ್ಜಿದರೆ ಏನೂ ತಿಳಿಯದು. ಐಸ್‌ಕ್ರೀಮ್ ಡಬ್ಬದ ಮೇಲಿನ 460 ಇದೇನಾ? (ಅಂಕೋಲಾ)

ಉತ್ತರ: ನಿಮಗೆ ಬಂದಿರುವುದು ಗುಳಿಗೆಗೆ ಬಳಸುವ ನಯ ಪುಡಿ ಇರಬೇಕು. ಅದರ ಕಣ 50ರಿಂದ 100 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಇರುತ್ತದೆ. ಸ್ಕ್ರಬ್‌ಗೆ 200 ಮೈಕ್ರಾನ್‌ಗಿಂತ ದಪ್ಪನೆಯ ಸೆಲ್ಯುಲೋಸ್ ಹರಳು ಕೇಳಿ. ಇರುವ ಪುಡಿ ದಂಡವಲ್ಲ, ಕ್ರೀಮಿಗೆ 100 ಗ್ರಾಂಗೆ 2 ಗ್ರಾಂ ಬೆರೆಸಿದರೆ ಮುಖದ ಎಣ್ಣೆಹೊಳಪು ತಗ್ಗುತ್ತದೆ. ನೀರು ಬೆರೆತ ಕ್ರೀಮಿಗೆ ಕೆಡದಂತೆ ಸಂರಕ್ಷಕ ಹಾಕಲೇಬೇಕು.

ಹೌದು, ಅದು ಆಹಾರ ಸೇರ್ಪಡೆಯ ಸಂಕೇತ ಸಂಖ್ಯೆ, 460ರ ನಂತರ (i) ಇದ್ದರೆ ಇದೇ. ಐಸ್‌ಕ್ರೀಮಿನಲ್ಲಿ ಸಾಮಾನ್ಯವಾಗಿ 466ರ (ಸೆಲ್ಯುಲೋಸಿನಿಂದಲೇ ಮಾಡಿದ ಅಂಟು) ಜೊತೆ ಹಾಕುತ್ತಾರೆ. ಎರಡೂ ಸೇರಿ ನೀರಲ್ಲಿ ಬಲೆ ಹೆಣೆಯುವುದರಿಂದ ಕರೆಂಟ್ ಹೋಗಿ ಬಂದಾಗ ಮಂಜಿನ ಹರಳು ಬೇಗ ದೊಡ್ಡದಾಗದು.