ಒಬ್ಬರೇ ವಿಜ್ಞಾನಿಯನ್ನು ಇಷ್ಟೊಂದು ಕ್ಷೇತ್ರದವರು ಉಲ್ಲೇಖಿಸುವುದು ನಿಜವಾಗಿ ಸಾಧ್ಯವೇ?

ನಿಮ್ಮ ಪ್ರಶ್ನೆ ಇಷ್ಟು: ಒಬ್ಬರ ಸಂಶೋಧನೆಯನ್ನು ಇಂಜಿನಿಯರ್‌ಗಳು, ಅರ್ಥಶಾಸ್ತ್ರದವರು, ಜೀವಶಾಸ್ತ್ರದವರು ಎಲ್ಲರೂ ಉಲ್ಲೇಖಿಸುತ್ತಾರೆ ಅಂದರೆ ನಂಬಬಹುದಾ, ಇಲ್ಲ ಸೈಟೇಶನ್ (ಅಂದರೆ ಬೇರೆ ಲೇಖನಗಳಲ್ಲಿ ಬರುವ ಉಲ್ಲೇಖ) ಲೆಕ್ಕದ ಕರಾಮತ್ತಾ?

ಕರಾಮತ್ತೂ ಇರುತ್ತದೆ. ಆದರೆ ನಿಜವಾಗಿ ಹಾಗಾಗುವುದೂ ಉಂಟು. ನಾನು ಓದಿದ್ದು ಸಂಖ್ಯಾಶಾಸ್ತ್ರ, ಹಾಗಾಗಿ ಮೊದಲು ನೆನಪಾಗುವುದು ಸಿ. ಆರ್. ರಾವ್. 1920ರಲ್ಲಿ ಹಡಗಲಿಯಲ್ಲಿ ಹುಟ್ಟಿದವರು, ಬಹಳ ವರ್ಷ ಕೆಲಸ ಮಾಡಿದ್ದು ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ.

ಕೋಲ್ಕತ್ತದಲ್ಲಿ ಪಾಠ ಮಾಡುವಾಗ ದಾಂಡೇಕರ್ ಎಂಬ ವಿದ್ಯಾರ್ಥಿ ಕೇಳಿದರಂತೆ: ಮಾಹಿತಿ ರಾಶಿಗಟ್ಟಲೆ ಇದ್ದರೆ ಅಂದಾಜು ಎಷ್ಟು ನಿಖರವಾಗಬಹುದು ಅಂತ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಫಿಶರ್ ಹೇಳಿದ್ದಾರೆ ಸರಿ, ಸ್ವಲ್ಪವೇ ಇದ್ದರೆ ಏನು ಗತಿ? ರಾವ್ ರಾತ್ರಿ ಕೂತು ಲೆಕ್ಕ ಹಾಕಿ ಉತ್ತರ ಹುಡುಕಿದರು. ಅದು 1945ರ ಲೇಖನದಲ್ಲಿ ಅಚ್ಚಾಯಿತು. ಸ್ವೀಡನ್ನಿನ ಕ್ರಾಮೆರ್ ಕೂಡ ತಮ್ಮ ಪಾಡಿಗೆ ಅದನ್ನೇ ಕಂಡುಕೊಂಡಿದ್ದರಿಂದ ಈಗ ಕ್ರಾಮೆರ್-ರಾವ್ ಮಿತಿ ಅನ್ನುತ್ತಾರೆ.

ಅದು ಹೇಳುವುದು ಇಷ್ಟೇ. ಕೈಯಲ್ಲಿರುವ ಮಾಹಿತಿ ಇಷ್ಟು ಅಂದಮೇಲೆ, ಒಂದು ಕಡೆಗೆ ವಾಲದ ಯಾವ ಸೂತ್ರ ಹಾಕಿದರೂ ಅಂದಾಜಿನ ಏರುಪೇರು ಒಂದು ಮಟ್ಟಕ್ಕಿಂತ ಕೆಳಗೆ ಇಳಿಯುವುದಿಲ್ಲ. ರೇಡಾರ್ ಮಾಡುವವರು ಗದ್ದಲ ತುಂಬಿದ ಸಿಗ್ನಲ್‌ನಿಂದ ವಿಮಾನದ ದೂರ ಅಂದಾಜು ಮಾಡಬೇಕು, ಅಲ್ವಾ? ತಮ್ಮ ವಿಧಾನವನ್ನು ಇನ್ನೂ ತಿದ್ದಬಹುದಾ, ಇಲ್ಲ ಸುಮ್ನೆ ಒದ್ದಾಡುತ್ತಿದ್ದೇವಾ ಅಂತ ಅವರಿಗೆ ಈ ಮಿತಿಯಿಂದ ಗೊತ್ತಾಗುತ್ತದೆ. ಎಂಆರ್‌ಐ ಚಿತ್ರದವರಿಗೂ ಇದೇ ತಲೆನೋವು, ಇದೇ ಉತ್ತರ. ಅಳೆಯುವ ಕೆಲಸ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಇದು ಬೇಕಾಗುತ್ತದೆ.

ರಾವ್ ತಾವೂ ಒಂದೇ ಕಡೆ ಕೂತವರಲ್ಲ. ಕೇಂಬ್ರಿಜ್‌ಗೆ ಹೋಗಿದ್ದೇ ಸುಡಾನ್‌ನ ಹಳೆಯ ಗೋರಿಗಳಿಂದ ತಂದ ಅಸ್ಥಿಪಂಜರಗಳ ಅಳತೆ ವಿಶ್ಲೇಷಿಸಲು. 1982ರಲ್ಲಿ ವೈವಿಧ್ಯ ಅಳೆಯುವ ಒಂದು ಸೂತ್ರ ಕೊಟ್ಟರು, ನನಗೆ ತುಂಬಾ ಇಷ್ಟವಾದದ್ದು. ಒಂದು ಕಾಡಿನಲ್ಲಿ ಐದು ಜಾತಿಯ ಹುಲ್ಲು, ಇನ್ನೊಂದರಲ್ಲಿ ಹುಲ್ಲು, ಮರ, ಬಳ್ಳಿ, ಜರೀಗಿಡ, ಪಾಚಿ ಸೇರಿ ಐದು, ಎಲ್ಲವೂ ಸಮಪ್ರಮಾಣದಲ್ಲಿ ಇವೆ ಅಂದುಕೊಳ್ಳಿ. ಜಾತಿ ಎಣಿಸಿದರೆ ಎರಡೂ ಒಂದೇ. ಜಾತಿಗಳ ನಡುವೆ ಎಷ್ಟು ವ್ಯತ್ಯಾಸ ಇದೆ ಅನ್ನುವುದನ್ನೂ ರಾವ್ ಸೂತ್ರ ಲೆಕ್ಕಕ್ಕೆ ಹಿಡಿಯುತ್ತದೆ, ಎರಡನೆಯದು ಮುಂದೆ ಬರುತ್ತದೆ. ಪರಿಸರ ವಿಜ್ಞಾನಿಗಳು ಇದನ್ನು ಚೆನ್ನಾಗಿ ಬಳಸುತ್ತಾರೆ.

ಇನ್ನು ಲೆಕ್ಕದ ವಿಷಯ. ಇಂಥವರ ಸೈಟೇಶನ್ ಎಷ್ಟೋ ಸಲ ಕಡಿಮೆಯೇ ಕಾಣುತ್ತದೆ. ಕ್ರಾಮೆರ್-ರಾವ್ ಅಂತ ಬರೆದು ಮುಂದೆ ಹೋಗುವವರೇ ಜಾಸ್ತಿ, 1945ರ ಲೇಖನ ಯಾರು ಉಲ್ಲೇಖಿಸುತ್ತಾರೆ? ಒಂದು ಊಹೆ ಮಾಹಿತಿಗೆ ಹೊಂದುತ್ತದಾ ಅಂತ ಪರೀಕ್ಷಿಸುವ ಅವರ 1948ರ ಸ್ಕೋರ್ ಟೆಸ್ಟ್ ಅರ್ಥಶಾಸ್ತ್ರದಲ್ಲಿ ಲಗ್ರಾಂಜ್ ಮಲ್ಟಿಪ್ಲೈಯರ್ ಟೆಸ್ಟ್ ಅಂತ ಓಡಾಡುತ್ತದೆ, ಹೆಸರೇ ಮಾಯ! ಆ ಕಡೆ, ಪ್ರೋಟೀನ್ ಪ್ರಮಾಣ ಅಳೆಯುವ ಲೌರಿಯವರ 1951ರ ಲೇಖನಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಸೈಟೇಶನ್. ಅದು ಪ್ರಯೋಗಾಲಯದ ವಿಧಾನ, ಬಳಸಿದವರೆಲ್ಲ ಹೆಸರು ಹಾಕಿದರು. ಹಾಗಂತ ಐನ್‌ಸ್ಟೈನ್‌ಗಿಂತ ಲೌರಿ ದೊಡ್ಡವರು ಅನ್ನೋಕಾಗುತ್ತಾ?

ನೀವು ನೋಡುತ್ತಿರುವ ವಿಜ್ಞಾನಿಯ ಬಗ್ಗೆ ಅನುಮಾನ ಇದ್ದರೆ, ಉಲ್ಲೇಖಿಸಿದ ಕೆಲವು ಲೇಖನ ತೆರೆಯಿರಿ. ಪೀಠಿಕೆಯಲ್ಲಿ ಹತ್ತು ಹೆಸರುಗಳ ಜೊತೆ ಸುಮ್ನೆ ತುರುಕಿದ್ದಾರಾ, ಇಲ್ಲ ವಿಧಾನದ ಭಾಗದಲ್ಲಿ ಅವರ ಸೂತ್ರ ಹಾಕಿ ಲೆಕ್ಕ ಮಾಡಿದ್ದಾರಾ ನೋಡಿ. ಅವರದೇ ಗುಂಪಿನವರು ಬರೆದದ್ದನ್ನು ಪಕ್ಕಕ್ಕಿಡಿ.